ಮದ್ದಿನ ಬಾಟಲಿಯಲ್ಲಿ ಬೆಳ್ಳಗಾದ ಹಸಿರು

ನಮ್ಮ ಸ್ಮಿತಾಳಿಗೆ ಕೆಲಸ ಸಿಕ್ಕಿತು!

ಇವತ್ತು ಬೆಳಿಗ್ಗೆ ನಾನು ತೆಂಗಿನಕಾಯಿ ತುರಿಯುತ್ತ ಕೂತಿದ್ದೆ. ಗೇಟಿನಿಂದಲೇ ಕೂಗುತ್ತ ಬಂದಳು: "ಅಜ್ಜೀ, ಜೋಲಿ ಕಿಟ್ಟಿ! ಕಿಟ್ಟಿ ಅಜ್ಜೀ!" ಕೆಲಸ ಸಿಕ್ಕಿತು ಅಂತ. ನನ್ನ ಮಗಳ ಮಗಳು ಇವಳು. ಹುಟ್ಟಿ ಬೆಳೆದದ್ದೆಲ್ಲ ತಿರುವನಂತಪುರದಲ್ಲಿ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುವವಳು. ಖುಷಿಯಾದಾಗಂತೂ ಕನ್ನಡದ ಒಂದಕ್ಷರ ಬಾಯಿಗೆ ಬರುವುದಿಲ್ಲ. ನಾನು ತುರಿಮಣೆಯಿಂದ ಏಳುವಷ್ಟರಲ್ಲಿ ತಬ್ಬಿಕೊಂಡು ಎರಡು ಸುತ್ತು ತಿರುಗಿಸಿಯೇಬಿಟ್ಟಳು. ಎಪ್ಪತ್ತೈದು ದಾಟಿದ ಮುದುಕಿಯನ್ನು! ಕಾಯಿತುರಿ ಅವಳ ತಲೆಗೂದಲಿಗೆಲ್ಲ ಅಂಟಿಕೊಂಡಿತು.

ಎಂಥ ಕೆಲಸ ಗೊತ್ತೇ? ಪ್ರಯೋಗಶಾಲೆಯ ಕೆಲಸ. ಪ್ರಾಣಿಗಳ, ಗಿಡಗಳ ಜೀವಕೋಶದೊಳಗೆ ಮೈಟೊಕಾಂಡ್ರಿಯಾ ಎಂಬ ಕಾಳುಗಳಿರುತ್ತವೆ. ನಾವು ತಿಂದದ್ದನ್ನು ಉರಿಸಿ ಶಕ್ತಿ ಮಾಡಿಕೊಡುವ ಒಲೆಗಳು ಅವು. ಆ ಕಾಳುಗಳನ್ನು ಒಡೆಯದಂತೆ ಬೇರ್ಪಡಿಸಿ ವಿಜ್ಞಾನಿಗಳ ಕೈಗೆ ಕೊಡುವುದು ಇವಳ ಕೆಲಸವಂತೆ. ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಮಾಡಿದ್ದು ಅದರ ಹಿಂದುಮುಂದಿನ ಕೆಲಸವೇ. ಅವಳಿಗೆ ಎರಡು ಪದವಿ, ನನಗೆ ನಾಲ್ಕನೇ ಕ್ಲಾಸು. ನಿಲ್ಲುವ ಸಿಂಕು ಮಾತ್ರ ಒಂದೇ.

"ಸೋಮವಾರ ಸೇರಬೇಕು ಅಜ್ಜೀ. ನನ್ನ ಜೊತೆ ಇನ್ನೂ ನಾಲ್ಕು ಜನ ಹೊಸಬರಿದ್ದಾರೆ. ನಿಮ್ಮ ಕಾಲದ್ದೆಲ್ಲ ಬರೆದುಕೊಡಿ," ಎಂದಳು, ಅದೂ ಮಲಯಾಳದಲ್ಲೇ.

ಬರೆಯುತ್ತೇನೆ. ಯಾಕೆ ಬರೆಯಬಾರದು? ಕನ್ನಡದಲ್ಲೇ ಬರೆಯುತ್ತೇನೆ, ನನಗೆ ಬರೆಯಲು ಬರುವುದು ಅದೊಂದೇ. ಸ್ಮಿತಾ ನಿಧಾನವಾಗಿ ಓದಿ ಉಳಿದವರಿಗೆ ಹೇಳಲಿ. ಅತ್ತ ಕನ್ನಡನಾಡಿನಲ್ಲಿ ಈ ಕೆಲಸಕ್ಕೆ ಸೇರುವ ಮಕ್ಕಳು ಹೇಗೂ ಓದಿಕೊಳ್ಳುತ್ತಾರೆ. ಕೆಲಸ ಖಾಯಂ ಆದದ್ದು, ಹೆಡ್ ಅಟೆಂಡರ್ ಆದದ್ದು, ಬೀಳ್ಕೊಡುಗೆಯಲ್ಲಿ ಗಡಿಯಾರ ಕೊಟ್ಟದ್ದು ಎಲ್ಲ ಬಿಡುತ್ತೇನೆ. ಅದರಿಂದ ಯಾರಿಗೂ ಕಲಿಯುವುದಕ್ಕೇನಿಲ್ಲ. ಹಾಳು ಮಾಡಿದ್ದರಿಂದ ಕಲಿಯುವುದಿದೆ, ಅದನ್ನು ನಾನು ಬೇಕಾದಷ್ಟು ಮಾಡಿದ್ದೇನೆ.

ನಾನು ಮಂಜೇಶ್ವರದ ಕಡೆಯವಳು. ನಮ್ಮವರು ಬ್ಯಾಂಕೊಂದರ ಎರ್ನಾಕುಲಂ ಶಾಖೆಯಲ್ಲಿ ಜವಾನರಾಗಿದ್ದರು, ಮದುವೆಯಾಗಿ ನಾನೂ ಅಲ್ಲಿಗೆ ಬಂದೆ. ಪಾಲಾರಿವಟ್ಟಂನಲ್ಲಿ ಬಾಡಿಗೆ ಮನೆ. ಮಗಳು ಉಷಾ ನಡೆಯಲು ಕಲಿಯುವ ಹೊತ್ತಿಗೆ ಇವರಿಗೆ ಎದೆಯ ಕ್ಷಯ ಹಿಡಿಯಿತು. ಕೆಮ್ಮಿದರೆ ಕರವಸ್ತ್ರದಲ್ಲಿ ರಕ್ತ. ಆಗಿನ ಮದ್ದೆಂದರೆ ಸ್ಟ್ರೆಪ್ಟೊಮೈಸಿನ್ ಎಂಬ ಇಂಜೆಕ್ಷನ್. ಹೆಬ್ಬೆರಳಿನಷ್ಟು ಗಾಜಿನ ಬಾಟಲಿಯಲ್ಲಿ ಬಿಳಿ ಪುಡಿ. ಅದಕ್ಕೆ ನೀರು ಸೇರಿಸಿ ಸೊಂಟಕ್ಕೆ ಚುಚ್ಚುವುದು. ತಿಂಗಳುಗಟ್ಟಲೆ ದಿನಕ್ಕೊಂದು. ಕ್ಷಯ ಹೋಯಿತು. ಹೋಗುವಾಗ ಕಿವಿಯನ್ನೂ ಅರ್ಧ ತೆಗೆದುಕೊಂಡು ಹೋಯಿತು, ಆ ಮದ್ದಿನ ಗುಣವೇ ಹಾಗಂತೆ. ಆದರೆ ಗಂಡ ಉಳಿದನಲ್ಲ! ಖಾಲಿ ಬಾಟಲಿಗಳನ್ನು ನಾನು ಒಂದನ್ನೂ ಎಸೆಯಲಿಲ್ಲ. ನರ್ಸಮ್ಮನಲ್ಲಿ ಕೇಳಿ ತಂದು ಬಿಸ್ಕತ್ತಿನ ಡಬ್ಬದಲ್ಲಿ ತುಂಬಿಟ್ಟಿದ್ದೆ. ದೇವರ ಪ್ರಸಾದವನ್ನು ಯಾರಾದರೂ ಎಸೆಯುತ್ತಾರೆಯೇ?

ಇವರು ಮನೆಯಲ್ಲೇ ಸುಧಾರಿಸಿಕೊಳ್ಳುತ್ತಿದ್ದಾಗ ನನಗೆ ಎರ್ನಾಕುಲಂನ ಒಂದು ಕಾಲೇಜಿನ ಸಸ್ಯಶಾಸ್ತ್ರದ ಪ್ರಯೋಗಶಾಲೆಯಲ್ಲಿ ಗಾಜು ತೊಳೆಯುವ ಕೆಲಸ ಸಿಕ್ಕಿತು. ತಾತ್ಕಾಲಿಕ. ಬೇಡವೆಂದರೆ ನಾಳೆಯೇ ಮನೆಗೆ. ಅರವತ್ತರ ದಶಕದ ನಡು ಅದು.

ನನ್ನ ಮೊದಲ ಗುರು ಔಸೇಪ್ ಚೇಟ್ಟನ್, ಅಲ್ಲಿನ ಹಳೆಯ ಅಟೆಂಡರ್. ಚೇಟ್ಟನ್ ಎಂದರೆ ಅಣ್ಣ. ನಾನು ತೊಳೆದ ಮೊದಲ ಫ್ಲಾಸ್ಕನ್ನು ಬೆಳಕಿಗೆ ಹಿಡಿದು, "ಚೆನ್ನಾಗಿದೆ. ಇದರಲ್ಲಿ ಮೀನು ಸಾರು ಮಾಡಬಹುದು," ಎಂದ. ಆಮೇಲೆ ಹೇಳಿಕೊಟ್ಟ: ತೊಳೆದ ಗಾಜಿನ ಒಳಗೆ ನೀರು ಹನಿ ಹನಿಯಾಗಿ ನಿಂತರೆ ಕೊಳೆ ಇನ್ನೂ ಇದೆ; ತೆಳುವಾದ ಹಾಳೆಯಂತೆ ಹರಡಿ ಇಳಿದರೆ ಮಾತ್ರ ಶುದ್ಧ. ಅದಕ್ಕೆ ಸಾಬೂನು ಸಾಲದು. ಕ್ರೋಮಿಕ್ ಆ್ಯಸಿಡ್‌ನಲ್ಲಿ ಒಂದಿಡೀ ದಿನ ನೆನೆಹಾಕಬೇಕು, ನಲ್ಲಿ ನೀರಿನಲ್ಲಿ ಆರು ಸಲ, ಬಟ್ಟಿ ಇಳಿಸಿದ ನೀರಿನಲ್ಲಿ ಮೂರು ಸಲ ತೊಳೆಯಬೇಕು. ಆ ಆ್ಯಸಿಡ್ ನನ್ನ ಎರಡು ಸೀರೆ ತಿಂದಿದೆ. ಸ್ಮಿತಾ, ನಿಮ್ಮಲ್ಲಿ ಎಲ್ಲ ಪ್ಲಾಸ್ಟಿಕ್, ಒಮ್ಮೆ ಬಳಸಿ ಎಸೆಯುವುದು ಎಂದು ನನಗೆ ಗೊತ್ತಿದೆ. ಆದರೂ ನೀರು ಇಳಿಯುವುದನ್ನು ನೋಡಲು ಕಲಿ.

ಮೊದಲ ವಾರವೇ ಒಂದು ಅನಾಹುತ ಮಾಡಿದೆ. ಕಿಟಕಿಯ ಬಳಿ ದೊಡ್ಡ ಗಾಜಿನ ಪಾತ್ರೆಯಲ್ಲಿ ಚರಂಡಿಯ ಹಸಿರು ನೀರು ನಿಂತಿತ್ತು. ಥೂ, ಯಾರು ಹೀಗೆ ಬಿಟ್ಟಿದ್ದಾರೆ ಎಂದು ಚೆಲ್ಲಿ, ಪಾತ್ರೆಯನ್ನು ಫಳಫಳ ತೊಳೆದು ಬೋರಲು ಹಾಕಿದೆ. ಶಾಬಾಸ್ ಅನ್ನಿಸಿಕೊಳ್ಳಲು ಕಾಯುತ್ತಲೂ ನಿಂತೆ! ವಿಭಾಗದ ಮುಖ್ಯಸ್ಥರು ಕುರುಪ್ ಸಾರ್. ಬಂದರು, ಖಾಲಿ ಪಾತ್ರೆ ನೋಡಿದರು, ನನ್ನನ್ನು ನೋಡಿದರು. ಅವರು ಯಾವತ್ತೂ ಬೈದವರಲ್ಲ. ಮೂಲೆಯಲ್ಲಿದ್ದ ಕೊಡೆ ಬಿಡಿಸಿ ನನ್ನ ಕೈಗೆ ಕೊಟ್ಟು, "ಹೋಗು, ಅದೇ ಚರಂಡಿಯಿಂದ ಮತ್ತೆ ತಾ. ಮುನಿಸಿಪಾಲಿಟಿಯವರು ಸೊಳ್ಳೆಗೆ ಎಣ್ಣೆ ಹೊಡೆಯುವ ಮೊದಲು," ಎಂದರು. ಧೋ ಮಳೆಯಲ್ಲಿ ಚರಂಡಿ ಬಗ್ಗಿ ಪಾಚಿನೀರು ತುಂಬುವ ನನ್ನನ್ನು ನೋಡಿ ದಾರಿಹೋಕರು ನಿಂತು ಮಾತಾಡಿಕೊಂಡರು.

ಆ ನೀರನ್ನು ಹಸಿರು ಮಾಡಿದ್ದು ಯೂಗ್ಲೀನ ಎಂಬ ಜೀವಿ. ಒಂದೇ ಕೋಶ, ಅದೇ ಇಡೀ ಮೈ. ಸೂಕ್ಷ್ಮದರ್ಶಕದಲ್ಲಿ ನನಗೆ ಮೊದಲು ತೋರಿಸಿದವರು ಆಲೀಸ್ ಟೀಚರ್. ಟೀಚರ್ ಎನ್ನುವುದು ನಾವು ಕೊಟ್ಟ ಗೌರವ. ಅವರು ಆಗ ಕುರುಪ್ ಸಾರ್ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಇಪ್ಪತ್ತನಾಲ್ಕರ ಹುಡುಗಿ. "ನೋಡಿ ಚೇಚ್ಚಿ," ಎಂದು, ಅಂದರೆ ಅಕ್ಕ ಎಂದು, ನನ್ನ ತಲೆ ಹಿಡಿದು ಬಗ್ಗಿಸಿದರು. ಬಾಲ ಬೀಸುತ್ತ ಓಡುವ ಮೀನಿನ ಹಾಗಿದೆ, ಹೊಟ್ಟೆಯ ತುಂಬ ಹೆಸರುಕಾಳಿನಂಥ ಹಸಿರು ಕಾಳುಗಳು. ಗಿಡದ ಎಲೆಯೊಳಗೆ ಇರುವುದೂ ಅಂಥ ಕಾಳೇ. ಬಿಸಿಲು ಹಿಡಿದು ಅನ್ನ ಮಾಡುವುದು ಅವು. ಆದರೆ ಯೂಗ್ಲೀನ ಎರಡೂ ಬಗೆಯಲ್ಲಿ ಬದುಕುತ್ತದೆ. ಬಿಸಿಲಿದ್ದರೆ ತಾನೇ ಬೇಯಿಸಿಕೊಳ್ಳುತ್ತದೆ. ನಾವು ನೀರಿಗೆ ಪೋಷಕ ಹಾಕಿದರೆ ಅದನ್ನೂ ಕುಡಿಯುತ್ತದೆ.

ಟೀಚರರ ಹತ್ತಿರ ಹನ್ನೆರಡು ಕೊಳವೆ, ಒಂದು ಫ್ಲಾಸ್ಕ್ ಯೂಗ್ಲೀನ ಇದ್ದವು. ಬೇರೆ ಜೀವಿಯ ಸೋಂಕಿಲ್ಲದೆ, ಎರಡು ವರ್ಷ ಮಗುವಿನ ಹಾಗೆ ಸಾಕಿದ ಸಂತತಿ. ಅವರ ಪಿಎಚ್‌ಡಿ ನಿಂತಿದ್ದೇ ಅದರ ಮೇಲೆ. ಕೋಟ್ಟಯಂನಲ್ಲಿ ಅವರ ಅಪ್ಪ ಗಂಡು ನೋಡಿಟ್ಟು, "ಓದು ಯಾವಾಗ ಮುಗಿಯುತ್ತದೆ?" ಎಂದು ಪ್ರತಿ ಕಾಗದದಲ್ಲೂ ಕೇಳುತ್ತಿದ್ದರು. ಇವರು ಉತ್ತರವನ್ನೇ ಬರೆಯುತ್ತಿರಲಿಲ್ಲ.

ಕ್ರಿಸ್ಮಸ್ ರಜೆಗೆ ಟೀಚರ್ ಊರಿಗೆ ಹೊರಟರು. ಹಳೆಯ ದ್ರಾವಣ ಸೊರಗುವ ಮೊದಲು ಸಂತತಿಯನ್ನು ಹೊಸ ದ್ರಾವಣಕ್ಕೆ ಸಾಗಿಸಬೇಕು. ಆ ಕೆಲಸ ನನಗೆ ಕಲಿಸಿದ್ದರು. ಬೆಂಕಿಯ ಪಕ್ಕದಲ್ಲೇ ಕೈಯಾಡಿಸಿ, ಗಾಳಿಯ ಸೋಂಕು ತಾಗದಂತೆ ಒಂದೊಂದು ಹನಿ ಸಾಗಿಸುವುದರಲ್ಲಿ ನನ್ನ ಕೈ ಔಸೇಪ್ ಚೇಟ್ಟನ್‌ಗಿಂತ ಸ್ಥಿರ. ಈಗಲೂ ಅಷ್ಟೇ ಸ್ಥಿರ, ಬಂದು ನೋಡಿ. ಆದರೆ ಕಪಾಟು ತೆರೆದರೆ ಒಳ್ಳೆಯ ಕೊಳವೆಗಳೇ ಇಲ್ಲ. ಇದ್ದವೆಲ್ಲ ಬಿರುಕು ಬಿಟ್ಟಿದ್ದವು, ಹೊಸದು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ.

ಆಗ ನನಗೆ ಬಿಸ್ಕತ್ತಿನ ಡಬ್ಬ ನೆನಪಾಯಿತು! ದಪ್ಪ ಗಾಜು, ಬಿಗಿಯಾದ ರಬ್ಬರ್ ಮುಚ್ಚಳ. ಮರುದಿನ ಹನ್ನೆರಡು ಬಾಟಲಿ ತಂದೆ, ಚೀಟಿ ಕಿತ್ತೆ, ಬರೀ ನೀರಿನಲ್ಲಿ ಮೂರು ಸಲ ಅಲುಬಿದೆ. ಆ್ಯಸಿಡ್ ಯಾಕೆ? ನನ್ನ ಗಂಡನ ಮೈಯೊಳಗೆ ಹೋದ ಮದ್ದು ಇದ್ದ ಬಾಟಲಿ. ಲೋಕದಲ್ಲಿ ಅದಕ್ಕಿಂತ ಶುದ್ಧವಾದ ಪಾತ್ರೆ ಬೇರೆ ಯಾವುದಿದೆ? ನಾನು ನಿಜವಾಗಿಯೂ ಹಾಗೇ ನಂಬಿದ್ದೆ. ಹಬೆಯಲ್ಲಿ ಕಾಯಿಸಿ, ದ್ರಾವಣ ಹಾಕಿ, ಸಂತತಿ ಸಾಗಿಸಿ, ಹೊಸ ಚೀಟಿ ಅಂಟಿಸಿ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಹಳೆಯದನ್ನೆಲ್ಲ ಚೆಲ್ಲಿ ತೊಳೆದೆ. ರಜೆ ಮುಗಿಸಿ ಬಂದ ಟೀಚರ್ ಅಂಗಡಿಯಿಂದ ಹೊಸದು ಬಂತೆಂದೇ ತಿಳಿದು, "ಎಷ್ಟು ಮುದ್ದಾಗಿವೆ!" ಎಂದರು. ನಾನು ಉಬ್ಬಿಹೋದೆ.

ವಾರ ಕಳೆಯಿತು, ಹಸಿರು ತೆಳುವಾಯಿತು. ಇನ್ನೊಂದು ವಾರಕ್ಕೆ ಹನ್ನೆರಡೂ ಬಾಟಲಿ ಅಕ್ಕಿ ತೊಳೆದ ನೀರು!

ಕುರುಪ್ ಸಾರ್ ಒಂದೊಂದನ್ನೂ ಕಿಟಕಿಗೆ ಹಿಡಿದು ನೋಡಿದರು. "ಕತ್ತಲಲ್ಲಿ ಇಟ್ಟು ಮರೆತಿದ್ದೀಯ," ಎಂದರು ಟೀಚರಿಗೆ. "ಇಲ್ಲ ಸಾರ್." "ಹಾಗಾದರೆ ಬೇರೇನೋ ಬೆರೆಸಿದ್ದೀಯ." "ಇಲ್ಲ ಸಾರ್." "ಎರಡು ವರ್ಷದ ಸಂತತಿ ಹೋಗಿದೆ, ಯಾಕೆ ಎಂದು ನಿನಗೆ ಗೊತ್ತಿಲ್ಲ. ಇಂಥವರನ್ನು ನಾನು ಇಟ್ಟುಕೊಳ್ಳಲಾರೆ. ಶನಿವಾರ ಬೀಗದ ಕೈ ಕೊಟ್ಟು ಹೋಗು."

ಅವತ್ತು ಮಂಗಳವಾರ. ನಾನು ಬಾಗಿಲ ಬಳಿ ನಿಂತಿದ್ದೆ. ಕಿಟಕಿಯ ಆಚೆ ತುದಿಯಲ್ಲಿ, ಖಾಲಿ ಗಾಜುಗಳ ಹಿಂದೆ, ನಾನು ಚೆಲ್ಲಲು ಮರೆತ ಆ ಹಳೆಯ ಫ್ಲಾಸ್ಕ್ ನನ್ನ ಕಣ್ಣಿಗೆ ಬಿತ್ತು. ಅದೇ ಸಂತತಿ, ಅದೇ ಬಿಸಿಲು. ಅದು ಹಚ್ಚಹಸಿರಾಗಿತ್ತು. ಬೆಳ್ಳಗಾದದ್ದು ನನ್ನ ಬಾಟಲಿಯವು ಮಾತ್ರ.

ಹೇಳಿದರೆ ನನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಟೀಚರ್ ಹೋಗುತ್ತಾರೆ. ನಾನು ಬುಧವಾರ ಹೇಳಲಿಲ್ಲ, ಗುರುವಾರ ಹೇಳಲಿಲ್ಲ. ಟೀಚರ್ ಪುಸ್ತಕ ಕಟ್ಟುತ್ತಿದ್ದರು, ಮೂಗು ಒರೆಸುತ್ತಿದ್ದರು, ನಾನು ಬೆನ್ನು ತಿರುಗಿಸಿ ಗಾಜು ತೊಳೆಯುತ್ತಿದ್ದೆ. ಶುಕ್ರವಾರ ಬೆಳಿಗ್ಗೆ ಮನೆಯಲ್ಲಿ ಇವರಿಗೆ ಹೇಳಿದೆ. ಇವರಿಗೆ ಗುಟ್ಟನ್ನು ಗುಟ್ಟಾಗಿ ಹೇಳಲು ಬರುವುದಿಲ್ಲ, ಕಿರುಚಬೇಕು. ಪಕ್ಕದ ಮನೆಯವರಿಗೂ ತಿಳಿದಿರಬೇಕು.

"ಆ ಟೀಚರು ಎಂತ ತಪ್ಪು ಮಾಡಿದ್ದು?" ಎಂದು ಕೇಳಿದರು.

"ಎಂತದೂ ಇಲ್ಲ."

"ಮತ್ತೆ ನೀನು ಇಲ್ಲಿ ಕೂತು ನನ್ನ ಹತ್ರ ಎಂತಕ್ಕೆ ಹೇಳುವುದು ಮಾರಾಯ್ತಿ? ಹೋಗು ಅಲ್ಲಿಗೆ. ಗಂಜಿ ನಾನು ಬಡಿಸಿಕೊಳ್ತೇನೆ."

ಡಬ್ಬದಲ್ಲಿ ಉಳಿದಿದ್ದ ಬಾಟಲಿಗಳನ್ನು ಚೀಟಿಯ ಸಮೇತ ಚೀಲಕ್ಕೆ ಹಾಕಿಕೊಂಡು ಹೋದೆ. ಕುರುಪ್ ಸಾರ್ ಮೇಜಿನ ಮೇಲೆ ಒಂದೊಂದಾಗಿ ನಿಲ್ಲಿಸಿದೆ. ಮಾತೆಲ್ಲ ನಡೆದದ್ದು ಮಲಯಾಳದಲ್ಲಿ.

ಅವರು ಚೀಟಿ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ಸ್ಟ್ರೆಪ್ಟೊಮೈಸಿನ್. ಇದು ಯಾರದು?"

"ನನ್ನ ಗಂಡನದು ಸಾರ್. ಟೀಚರರ ಯೂಗ್ಲೀನ ನಾನು ಹಾಕಿದ್ದು ಇಂಥದ್ದರಲ್ಲೇ. ಟೀಚರಿಗೆ ಏನೂ ಗೊತ್ತಿಲ್ಲ."

"ಹೇಗೆ ತೊಳೆದೆ?"

"ಮೂರು ನೀರು."

"ಆ್ಯಸಿಡ್?"

"ಇಲ್ಲ ಸಾರ್. ಮದ್ದಿನ ಬಾಟಲಿ ತಾನೇ, ಇದಕ್ಕಿಂತ ಶುದ್ಧ ಯಾವುದು ಅಂದುಕೊಂಡೆ."

ಕೈಯಲ್ಲಿದ್ದ ಬಾಟಲಿಯನ್ನು ಸಾಲಿಗೆ ಮರಳಿಸಿದರು. ಆಮೇಲೆ, "ಯಾವತ್ತು ಗೊತ್ತಾಯಿತು?"

"ಮಂಗಳವಾರ."

"ನಾಲ್ಕು ದಿನ ಆ ಹುಡುಗಿ ಅಳುವುದನ್ನು ನೋಡಿಕೊಂಡಿದ್ದೆ."

ಅದು ಪ್ರಶ್ನೆಯಾಗಿರಲಿಲ್ಲ. ಈ ಕೆಲಸದಲ್ಲಿ ನಾನು ಒಡೆದದ್ದು, ಚೆಲ್ಲಿದ್ದು, ಸುಟ್ಟದ್ದು ಯಾವುದಕ್ಕೂ ನನಗೆ ನಾಚಿಕೆಯಿಲ್ಲ. ಆ ನಾಲ್ಕು ದಿನಕ್ಕೆ ಇದೆ.

ಟೀಚರನ್ನು ಕರೆಸಿದರು. ಬಾತುಕೊಂಡ ಕಣ್ಣಿನಲ್ಲೇ ಬಂದು ಮೇಜಿನ ಮೇಲಿನ ಬಾಟಲಿ ಎತ್ತಿ ಓದಿದರು. ಈಗ ನನಗೆ ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ, ನನ್ನ ಕೈ ಹಿಡಿದರು. "ಚೇಚ್ಚೀ! ಇಂಥದ್ದು ಇನ್ನೆಷ್ಟು ಉಳಿದಿವೆ ಮನೆಯಲ್ಲಿ?"

"ಎಲ್ಲ ತಂದಿದ್ದೇನೆ."

"ಸಾರ್, ಬಿಳಿಯವು ಸತ್ತಿಲ್ಲ. ನಾನು ನೋಡಿದ್ದೇನೆ, ಈಜುತ್ತಿವೆ. ಯೂಗ್ಲೀನ ಬದುಕಿದೆ, ಅದರೊಳಗಿನ ಹಸಿರು ಮಾತ್ರ ಹೋಗಿದೆ. ಬ್ಯಾಕ್ಟೀರಿಯಾ ಕೊಲ್ಲುವ ಮದ್ದು ಹಸಿರು ಕಾಳನ್ನು ಮಾತ್ರ ಯಾಕೆ ಕೊಂದಿತು?"

ಕುರುಪ್ ಸಾರ್ ಕುರ್ಚಿಗೆ ಒರಗಿದರು. ಟೀಚರರ ಮಾತು ಎಲ್ಲಿಗೆ ಹೊರಟಿದೆಯೆಂದು ಅವರಿಗೆ ಗೊತ್ತಿತ್ತು. ಹಸಿರು ಕಾಳೂ ಮೈಟೊಕಾಂಡ್ರಿಯಾವೂ ಬಹಳ ಹಿಂದೆ ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯಾಗಳು, ಯಾವುದೋ ದೊಡ್ಡ ಕೋಶ ಅವನ್ನು ನುಂಗಿತು, ಅರಗಿಸಿಕೊಳ್ಳಲಿಲ್ಲ, ಒಳಗೇ ಉಳಿದುಬಿಟ್ಟವು ಎಂಬುದು ಒಂದು ವಾದ. ಆ ವಾದ ಹಳೆಯದು, ಆದರೆ ದೊಡ್ಡ ವಿಜ್ಞಾನಿಗಳೆಲ್ಲ ಅದನ್ನು ಕೇಳಿ ನಗುತ್ತಿದ್ದ ಕಾಲ ಅದು. ಕುರುಪ್ ಸಾರ್ ಅದನ್ನು "ಮುತ್ತಜ್ಜಿ ಕಥೆ" ಎನ್ನುತ್ತಿದ್ದರು.

"ಒಂದು ಮದ್ದು ತಾಗಿದ ಮಾತ್ರಕ್ಕೆ ನೆಂಟಸ್ತನ ಹೇಳಬೇಡ," ಎಂದರು ಟೀಚರಿಗೆ. "ಮೊದಲು ಬಾಟಲಿಯಿಂದಲೇ ಆಯಿತೆಂದು ತೋರಿಸು. ಅಲ್ಲಿಯವರೆಗೆ ಬೀಗದ ಕೈ ನಿನ್ನ ಹತ್ತಿರವೇ ಇರಲಿ." ನನ್ನ ಕಡೆ ತಿರುಗಿದರು. "ನೀನು ತೊಳೆದದ್ದು. ನೀನೇ ತೊಳೆ."

ತೊಳೆದೆ ನೋಡಿ! ಒಂದು ಸಾಲು ಬಾಟಲಿಗೆ ಬರೀ ಮೂರು ನೀರು. ಇನ್ನೊಂದು ಸಾಲಿಗೆ ಆ್ಯಸಿಡ್, ಆರು ನೀರು, ಮೂರು ಬಟ್ಟಿ ನೀರು, ಹೊಸ ರಬ್ಬರ್ ಮುಚ್ಚಳ. ಮೂರನೆಯ ಸಾಲು ಮಾಮೂಲು ಕೊಳವೆ. ಚೆಲ್ಲಲು ಮರೆತಿದ್ದ ಆ ಹಳೆಯ ಫ್ಲಾಸ್ಕಿನಿಂದಲೇ ಮೂರಕ್ಕೂ ಸಂತತಿ ಹಾಕಿದೆವು. ಔಸೇಪ್ ಚೇಟ್ಟನ್ ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು, "ಸೋಮಾರಿಗಳಿಗೂ ಒಬ್ಬ ಪುಣ್ಯಾಳನ್ ಇದ್ದಾನೆ," ಎಂದ. ಪುಣ್ಯಾಳನ್ ಎಂದರೆ ಅವರ ಇಗರ್ಜಿಯ ಸಂತ.

ದಿನವೂ ನಾನು ಬಾಗಿಲು ತೆರೆದ ಕೂಡಲೇ ಕಿಟಕಿಗೆ ಓಡುತ್ತಿದ್ದೆ. ಎರಡು ವಾರದ ಹೊತ್ತಿಗೆ ಮೂರು ನೀರಿನ ಸಾಲು ಬೆಳ್ಳಗೆ, ಉಳಿದೆರಡು ಸಾಲು ಹಸಿರು. ಒಂದೂ ತಪ್ಪಲಿಲ್ಲ. ಆಮೇಲೆ ಕುರುಪ್ ಸಾರ್ ಬಿಳಿಯವನ್ನು ಶುದ್ಧ ಕೊಳವೆಗೆ ಸಾಗಿಸಿ, ಒಳ್ಳೆಯ ಬಿಸಿಲಿನಲ್ಲಿ ಇಡಲು ಹೇಳಿದರು. "ಮದ್ದು ಹೋದ ಮೇಲೆ ಹಸಿರು ಮರಳುತ್ತದೆ ನೋಡು," ಎಂದರು. ಮರಳಲಿಲ್ಲ. ತಿಂಗಳು ಕಳೆಯಿತು, ಅವುಗಳ ಮಕ್ಕಳು ಬಿಳಿ, ಮೊಮ್ಮಕ್ಕಳು ಬಿಳಿ, ಮರಿಮಕ್ಕಳು ಬಿಳಿ.

"ಕೋಶಕ್ಕೆ ಹಸಿರು ಬೇಕಾದರೆ ಮಾಡಿಕೊಳ್ಳಬಹುದಲ್ಲ, ಯಾಕೆ ಮಾಡಿಕೊಳ್ಳುವುದಿಲ್ಲ?" ಎಂದು ಅವರು ಕೊಳವೆಯನ್ನೇ ಕೇಳುವಂತೆ ಕೇಳಿದರು. ಬಾಯಿ ಸುಮ್ಮನಿರಲಿಲ್ಲ, ನಾನು ಹೇಳಿಬಿಟ್ಟೆ: "ಹೆಪ್ಪು ಸತ್ತಿದೆ ಸಾರ್. ಹಾಲು ಎಷ್ಟಿದ್ದರೇನು? ಮೊಸರಿನಿಂದಲೇ ಮೊಸರು. ಹೆಪ್ಪು ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಿಂದ ತರಬೇಕು. ಇವಕ್ಕೆ ಪಕ್ಕದ ಮನೆಯೇ ಇಲ್ಲ."

ಟೀಚರ್ ಕಣ್ಣರಳಿಸಿದರು. ಕುರುಪ್ ಸಾರ್ ಕೊಳವೆ ಕೆಳಗಿಟ್ಟು ಹೋದರು. ಮರುದಿನ ಟೀಚರಿಗೆ, ಹಸಿರು ಹೇಗೆ ಕಳೆದುಹೋಗುತ್ತದೆ ಎಂಬುದನ್ನೇ ಪ್ರಬಂಧದ ವಿಷಯ ಮಾಡಿಕೊ ಎಂದರು. ಬ್ಯಾಕ್ಟೀರಿಯಾದ ಮಾತು ಮಾತ್ರ ಬರೆಯಬಾರದು. ಟೀಚರ್ ಕೋಟ್ಟಯಂಗೆ ಕಾಗದ ಬರೆದರು: ಓದು ಮುಗಿದಿಲ್ಲ, ಈಗ ಶುರುವಾಗಿದೆ. ನನ್ನನ್ನು ಯಾರೂ ಮನೆಗೆ ಕಳಿಸಲಿಲ್ಲ. ಆ್ಯಸಿಡ್ ತೊಟ್ಟಿಯ ಉಸ್ತುವಾರಿ ಪೂರ್ತಿ ನನಗೇ ಕೊಟ್ಟರು. ಅದು ಶಿಕ್ಷೆಯೋ ಮರ್ಯಾದೆಯೋ ಎಂದು ಇವತ್ತಿಗೂ ಕೇಳಿಲ್ಲ.

ಟೀಚರ್ ಚಹಾದ ಹೊತ್ತಿನಲ್ಲಿ ನಮ್ಮಿಬ್ಬರಿಗೂ ಆ "ಮುತ್ತಜ್ಜಿ ಕಥೆ" ಹೇಳುತ್ತಿದ್ದರು. ಔಸೇಪ್ ಚೇಟ್ಟನ್‌ಗೆ ತಕ್ಷಣ ಅರ್ಥವಾಯಿತು. "ಅಂದರೆ ಈ ಗಿರಿಜೆಯ ಹಾಗೆ. ಮಂಜೇಶ್ವರದಿಂದ ಬಂದು ಒಳಗೆ ಸೇರಿದಳು. ಇನ್ನು ನಾವು ಕರಗಿಸಲೂ ಆಗದು, ಓಡಿಸಲೂ ಆಗದು."

"ಓಡಿಸಿ ನೋಡಿ," ಎಂದೆ ನಾನು. "ನಾಳೆಯಿಂದ ನಿಮಗೆ ಚಹಾ ಯಾರು ಕೊಡುತ್ತಾರೆ?"

"ಅದನ್ನೇ ಟೀಚರೂ ಹೇಳಿದ್ದು. ಅದಕ್ಕೇ ಇಟ್ಟುಕೊಂಡದ್ದು!"

ಎಪ್ಪತ್ತರ ದಶಕದ ಮೊದಲಿಗೆ ಕುರುಪ್ ಸಾರ್ ತಿರುವನಂತಪುರದ ಒಂದು ಸಂಸ್ಥೆಗೆ ಬಂದರು. ಟೀಚರನ್ನೂ ನನ್ನನ್ನೂ ಕರೆಸಿಕೊಂಡರು. ಇವರ ಬ್ಯಾಂಕಿನವರೂ ದಯೆ ತೋರಿ ವರ್ಗ ಮಾಡಿದರು. ಉಳ್ಳೂರಿನಲ್ಲಿ ಮನೆ ಹಿಡಿದೆವು, ಇಲ್ಲಿಯೇ ಉಳಿದೆವು. ಇಲ್ಲಿ ಕೆಲಸ ಬೇರೆ ಥರ: ಚರಂಡಿ ನೀರು ಹೋಗಿ ಆಡಿನ ಯಕೃತ್ತು ಬಂತು. ಮೈಟೊಕಾಂಡ್ರಿಯಾ ಬೇಕಲ್ಲ! ಬೆಳ್ಳಂಬೆಳಿಗ್ಗೆ ಮಾರುಕಟ್ಟೆಗೆ ಹೋಗಿ, ಆಗತಾನೇ ಕಡಿದ ಆಡಿನ ಯಕೃತ್ತನ್ನು ಐಸು ತುಂಬಿದ ಥರ್ಮಾಸ್ ಫ್ಲಾಸ್ಕಿಗೆ ಹಾಕಿ ಬಸ್ಸಿನಲ್ಲಿ ತರಬೇಕು. ಬಿಸಿ ತಾಗಿದರೆ ಕಾಳುಗಳು ಊದಿ ಒಡೆಯುತ್ತವೆ. ಥರ್ಮಾಸ್ ಎದೆಗವಚಿಕೊಂಡು ನಿಂತರೆ ಬಸ್ಸಿನವರೆಲ್ಲ ಮೆಡಿಕಲ್ ಕಾಲೇಜಿನ ರೋಗಿಗೆ ಗಂಜಿ ಒಯ್ಯುತ್ತಿದ್ದಾಳೆಂದು ಜಾಗ ಬಿಟ್ಟುಕೊಡುತ್ತಿದ್ದರು. ಒಬ್ಬ ಅಮ್ಮೂಮ್ಮೆ, ಅಂದರೆ ಅಜ್ಜಿ, "ಯಾರಿಗೆ ಮಗಳೇ ಹುಷಾರಿಲ್ಲ?" ಎಂದು ಕೇಳಿದರು. "ಆಡಿಗೆ," ಎಂದೆ. ಆಮೇಲೆ ಅವರು ಕಿಟಕಿಯ ಆಚೆ ನೋಡುತ್ತ ಕೂತರು.

ಗಿರಗಿರನೆ ತಿರುಗಿಸಿ ಬೇರ್ಪಡಿಸುವ ಯಂತ್ರ ಬಂದದ್ದೂ ಆಗಲೇ. ಎದುರುಬದುರು ಕೊಳವೆ ಸಮ ತೂಕ ಇರಬೇಕು ಎಂದು ಹೇಳಿಕೊಟ್ಟಿದ್ದರು. ನಾನು ಒಂದು ದಿನ ಕಣ್ಣಂದಾಜಿಗೆ ತುಂಬಿದೆ. ಯಂತ್ರ ದೈವ ಬಂದವರ ಹಾಗೆ ನಡುಗುತ್ತ ಮೇಜಿನ ಅಂಚಿಗೆ ನಡೆದುಕೊಂಡು ಬಂತು. ಪ್ಲಗ್ ಕಿತ್ತು, ನೇರ ಕುರುಪ್ ಸಾರ್ ಕೋಣೆಗೆ ಓಡಿ ಹೇಳಿದೆ. ಅವರು ಗಡಿಯಾರ ನೋಡಿ, "ಎರಡು ನಿಮಿಷ. ಸುಧಾರಿಸಿದ್ದೀಯ," ಎಂದರು.

ಬೇರೆ ಊರಿನ ದೊಡ್ಡ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳೂ ಬರತೊಡಗಿದವು. ಹಸಿರು ಕಾಳಿನ ಒಳಗು ಕುಯ್ದ ಪತ್ರೊಡೆಯ ತುಂಡಿನ ಹಾಗೆಯೇ, ಪದರದ ಮೇಲೆ ಪದರ! ಸುತ್ತ ಎರಡು ಚರ್ಮ. ಅದರೊಳಗೆ ಕೋಶದ್ದಲ್ಲದ, ಅದರದೇ ಸ್ವಂತ ವಂಶದ ಬರಹ, ಅಂದರೆ ಡಿಎನ್‌ಎ, ಇದೆ, ಬ್ಯಾಕ್ಟೀರಿಯಾದ ಹಾಗೆ ಅದೂ ಎರಡಾಗಿ ಸೀಳಿ ಹೆಚ್ಚುತ್ತದೆ ಎಂದು ಟೀಚರ್ ಹೇಳಿದರು. ಮೈಟೊಕಾಂಡ್ರಿಯಾವೂ ಹಾಗೇ. ನಕ್ಕಿದ್ದ ದೊಡ್ಡವರು ಒಬ್ಬೊಬ್ಬರಾಗಿ ನಗುವುದು ನಿಲ್ಲಿಸಿದರು. ಕುರುಪ್ ಸಾರ್ ಕೊನೆಯವರು. ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಕೈಯಲ್ಲಿ ಯಾವುದೋ ಪತ್ರಿಕೆ ಹಿಡಿದು ತೊಳೆಯುವ ಕೋಣೆಗೆ ಬಂದರು. ಅಲ್ಲಿಗೆ ಅವರು ಬಂದದ್ದು ಅದೊಂದೇ ಸಲ.

"ಗಿರಿಜಾ, ನಿನ್ನ ಹೆಪ್ಪು ಸರಿ ಇತ್ತು."

"ಅದನ್ನು ಆಲೀಸ್ ಟೀಚರಿಗೆ ಹೇಳಿ ಸಾರ್."

"ಅವಳಿಗೆ ಮೊದಲೇ ಹೇಳಿ ಬಂದೆ. ಇನ್ನು ಏನು ಬೇಕಾದರೂ ಬರೆದುಕೊಳ್ಳಲಿ." ಅಷ್ಟು ಹೇಳಿ, ಒಣಗಲು ಇಟ್ಟ ಫ್ಲಾಸ್ಕೊಂದನ್ನು ಅಭ್ಯಾಸಬಲದಿಂದ ಬೆಳಕಿಗೆ ಹಿಡಿದು ನೋಡಿ ಹೋದರು. ಆಚೆ ಕೋಣೆಯಿಂದ ಟೀಚರ್ ಓಡಿಬಂದು ನನ್ನ ಒದ್ದೆ ಕೈಯನ್ನೇ ಹಿಡಿದು ಕುಣಿದರು. ನಲವತ್ತು ಸಮೀಪಿಸಿದ ಪ್ರೊಫೆಸರ್ ಹೆಂಗಸು!

ಒಂದು ಮಾತು ನನಗೆ ತಿಳಿದದ್ದು ನಿವೃತ್ತಿಯಾಗಿ ಎಷ್ಟೋ ವರ್ಷದ ಮೇಲೆ, ಸ್ಮಿತಾ ಓದುತ್ತಿದ್ದಾಗ. ಅಜ್ಜನ ಕಿವಿ ಹೋದದ್ದು ಯಾಕೆ ಎಂದು ಅವಳು ಹೇಳಿದಳು. ಕೆಲವರ ಮೈಟೊಕಾಂಡ್ರಿಯಾ ತನ್ನ ಹಳೆಯ ಕುಲವನ್ನು ಸ್ವಲ್ಪ ಹೆಚ್ಚೇ ಉಳಿಸಿಕೊಂಡಿರುತ್ತದಂತೆ, ಆ ಮದ್ದು ಅದನ್ನೂ ಬ್ಯಾಕ್ಟೀರಿಯಾ ಎಂದೇ ಎಣಿಸಿ ಹೊಡೆಯುತ್ತದಂತೆ. ಕಿವಿಯ ಸೂ‌ಕ್ಷ್ಮ ಕೋಶಗಳು ಅದನ್ನು ತಾಳಲಾರವು. ಅಜ್ಜನದೂ ಹಾಗಿರಬಹುದು, ಪರೀಕ್ಷೆ ಮಾಡದೆ ಹೇಳಲಾಗದು ಎಂದಳು. "ಹಾಗಾದರೆ ನಿನಗೆ?" ಎಂದು ನಾನು ಗಾಬರಿಯಾದೆ. "ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುವುದು ಅಜ್ಜೀ. ನನ್ನದೆಲ್ಲ ನಿಮ್ಮದು." ಅವತ್ತೂ ನಾನು ಹೀಗೇ ಉಬ್ಬಿದ್ದೆ.

ಬರೆಯುತ್ತ ಕೂತದ್ದರಲ್ಲಿ ಸಂಜೆಯಾಯಿತು. ಬೆಳಿಗ್ಗೆ ತುರಿದ ಕಾಯಿ ಅರೆದು ಬಂಗುಡೆ ಗಸಿ ಮಾಡಿದೆ, ನೀರುದೋಸೆ ಹೊಯ್ದೆ. ಅಳಿಯ ಪ್ರದೀಪ ಆಫೀಸಿನಿಂದ ಬರುವಾಗ ಪಾಯಸ ಕಟ್ಟಿಸಿಕೊಂಡು ಬಂದ. ಐದೂ ಜನ ಒಂದೇ ಮೇಜಿಗೆ ಕೂತೆವು, ದೋಸೆ ಕಾವಲಿಯಿಂದ ನೇರ ತಟ್ಟೆಗೆ. ಉಷಾ ಮಗಳ ತಟ್ಟೆಗೆ ಮೀನಿನ ನಡುತುಂಡು ಹಾಕಿದಳು. ಸ್ಮಿತಾ ಮಾತ್ರ ದೋಸೆ ಹರಿದು ಹರಿದು ಇಡುತ್ತಿದ್ದಳು, ಬಾಯಿಗೆ ಹೋಗುತ್ತಿರಲಿಲ್ಲ.

"ಎಂತಾಯ್ತು?" ಎಂದೆ.

"ಪೇಡಿ ಆವುನ್ನು ಅಜ್ಜೀ," ಎಂದಳು. ಭಯವಾಗುತ್ತದೆ ಅಂತ. "ಸೋಮವಾರ ಹೋಗಿ ಯಾರದೋ ವರ್ಷಗಟ್ಟಲೆಯ ಕೆಲಸ ಹಾಳು ಮಾಡಿಬಿಟ್ಟರೆ?"

"ಮಾಡ್ತಿ," ಎಂದೆ. "ಮಾಡದೆ ಇರುವುದುಂಟಾ? ಮಾಡಿದ ಕೂಡಲೇ ಹೋಗಿ ಹೇಳು. ಕೈ ಕೂಡ ಒರೆಸಬೇಡ. ನಾನು ನಾಲ್ಕು ದಿನ ತಡಮಾಡಿದವಳು."

ಅವಳು ನನ್ನನ್ನೇ ನೋಡಿದಳು. ನಮ್ಮವರು ಮೇಜಿನ ಆಚೆಯಿಂದ ಗಟ್ಟಿಯಾಗಿ, "ಎಂತ ಹೇಳುದು ಅವಳು?" ಎಂದರು.

"ಹೆದರಿಕೆಯಂತೆ!" ಎಂದು ಉಷಾ ಕೂಗಿದಳು.

"ಹೆದರಿಕೆಯಾದ್ರೆ ಉಣ್ಬೇಕು ಮೊದ್ಲು," ಎಂದು ಅವರು ತಮ್ಮ ತಟ್ಟೆಯ ದೋಸೆ ಎತ್ತಿ ಅವಳ ತಟ್ಟೆಗೆ ಹಾಕಿದರು. ಪ್ರದೀಪ ಗಸಿಯ ಪಾತ್ರೆ ಅತ್ತ ದಾಟಿಸಿದ. ಸ್ಮಿತಾ ನಕ್ಕು ದೊಡ್ಡದೊಂದು ತುಂಡು ಗಸಿಗೆ ಅದ್ದಿ ಬಾಯಿಗಿಟ್ಟಳು. ನಾನು ಕಾವಲಿಗೆ ಇನ್ನೊಂದು ಸೌಟು ಹೊಯ್ಯಲು ಎದ್ದೆ.